ತೊಟ್ಟಿಲ ಸುತ್ತ ನಾಲ್ವರು

ಬೆಳಿಗ್ಗೆ ಒಂಬತ್ತೂವರೆ. ಹೊರ್ತಿಯ ರೇವವ್ವನ ನಡುಮನೆಯಲ್ಲಿ ತೊಟ್ಟಿಲು ಖಾಲಿ ಇತ್ತು.

ಪಿಎಸ್‌ಐ ವಿದ್ಯಾವತಿ ಅದರೊಳಗೆ ಒಂದು ತಲೆದಿಂಬು ಮಲಗಿಸಿದಳು. ಕೂಸಿನ ಬದಲಿಗೆ ಅದು. ಪಕ್ಕದ ಚಾಪೆಯ ಮೇಲೆ ನಾಲ್ಕು ಬೆಳ್ಳಿ ತಗಡುಗಳನ್ನು ಸಾಲಾಗಿ ಇಟ್ಟಳು. ಒಂದೊಂದೂ ಅಂಗೈ ಅಗಲ. ಒಂದೊಂದರ ಮೇಲೂ ಹೀಬ್ರೂ ಅಕ್ಷರಗಳಲ್ಲಿ ಒಬ್ಬ ದೇವದೂತನ ಹೆಸರು.

ನಾಲ್ಕೂ ನಕಲಿ. ಅಸಲಿ ತಗಡುಗಳು ಎಲ್ಲಿ ಎಂಬುದೇ ಪ್ರಕರಣ.

ಕಳವಿನ ಅಪವಾದ ಆಗಲೇ ಒಬ್ಬಳಿಗೆ ಅಂಟಿತ್ತು. ರೇವವ್ವನ ಮೊಮ್ಮಗ ಅಮೋಘಸಿದ್ಧನ ಹೆಂಡತಿ ಮಾಲಾ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ತವರೂರು ಕನ್ನೊಳ್ಳಿಯಲ್ಲಿ ಕುಳಿತಿದ್ದಳು. ತಾನಾಗಿ ಹೋದದ್ದಲ್ಲ, ಕಳಿಸಿದ್ದು. ಇವತ್ತು ಸಂಜೆ ಮನೆತನದ ಹಿರಿಯರು ಕೂಡುವವರಿದ್ದರು. ಆಕೆ ಈ ಮನೆಗೆ ಮರಳುತ್ತಾಳೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುವುದಿತ್ತು.

"ಆಯಿ, ಈಗ ನೀವ ಕಟ್ಟಿ ತೋರಸ್ರಿ. ಮೊದಲಿಂದ ಹೆಂಗ ಕಟ್ಟತಿದ್ರಿ, ಹಂಗ."

ರೇವವ್ವ ತಗಡುಗಳ ಕಡೆ ನೋಡಿ ಮುಖ ತಿರುಗಿಸಿದಳು. "ಸುಳ್ಳ ತಗಡಿಗೆ ನಾ ಕೈ ಹಚ್ಚಂಗಿಲ್ಲ ಯವ್ವಾ. ನೀ ಕುಂದರು. ನಿನ್ನ ಮ್ಯಾಲ ತೋರಸ್ತೇನಿ."

"ನನ್ನ ಮ್ಯಾಲ?"

"ಯಾಕ, ನೀನೂ ಒಬ್ಬಾಕಿ ಹಡದ ಕೂಸ ಅಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಶಮಶುದ್ದೀನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ವಿದ್ಯಾವತಿ ಚಾಪೆಯ ಮೇಲೆ ಕುಳಿತಳು. ರೇವವ್ವನ ಬೆರಳು ಅವಳ ಬಲಭುಜಕ್ಕೆ ತಾಗಿತು. "ಇಲ್ಲಿ ಮೀಕಪ್ಪ." ಆಮೇಲೆ ಎಡಭುಜ. "ಇಲ್ಲಿ ಗಬ್ರಪ್ಪ." ಎದೆಯ ಮುಂದೆ ಅಂಗೈ ಹಿಡಿದು, "ಮುಂದ ಊರಪ್ಪ." ಕೊನೆಗೆ ಬೆನ್ನಿಗೆ ಒಂದು ಮೆಲುವಾದ ಏಟು. "ಹಿಂದ ರಾಪಪ್ಪ."

"ಮಲಗಿದ ಕೂಸಿಗೆ ಮುಂದ ಅಂದ್ರ ಯಾವ ಕಡಿ?"

"ಕಾಲ ಕಡಿ. ಎದ್ದು ಕುಂತರ ಆ ಕಡೀನ ನೋಡತೈತಲ್ಲ! ಹಿಂದ ಅಂದ್ರ ತಲಿ ಕಡಿ. ಪೊಲೀಸ್ ಸಾಲ್ಯಾಗ ಇಷ್ಟೂ ಕಲಸಂಗಿಲ್ಲೇನು?"

"ತಲಿ ಮ್ಯಾಲ ಏನ ಕಟ್ಟತೀರಿ?"

"ಅಲ್ಲೇನೂ ಕಟ್ಟಂಗಿಲ್ಲ. ಅಲ್ಲಿ ದೇವರು ತಾನ ಇರ್ತಾನ. ಅಂವಗ ತಗಡ ಯಾಕ ಬೇಕ?"

ಮೀಕಾಯೇಲ, ಗಬ್ರಿಯೇಲ, ಊರಿಯೇಲ, ರಫಾಯೇಲ. ಯಹೂದ್ಯರ ಸಂಪ್ರದಾಯದಲ್ಲಿ ಇವರು ಪ್ರಧಾನ ದೇವದೂತರು. ಹೊರ್ತಿಯ ಈ ಕುರುಬರ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೂವು ಮುಡಿಸಿಕೊಂಡು, ನಾಲ್ಕು ಮಂದಿ ಅಪ್ಪಂದಿರಾಗಿದ್ದರು.

ತಗಡುಗಳನ್ನು ತಂದವಳು ರೇವವ್ವನ ಅತ್ತೆ. ಸೊಲ್ಲಾಪುರದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಒಂದು ಬೆನೆ ಇಸ್ರೇಲ್ ಕುಟುಂಬದಲ್ಲಿ ಆಕೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲೆಸಿ ಮರಾಠಿ ಆಡುವ ಯಹೂದ್ಯರು ಅವರು. ಆ ಕುಟುಂಬ ಇಸ್ರೇಲಿಗೆ ಹೊರಟಾಗ ಮನೆಯ ಬಾಯಿಸಾಹೇಬರು ಈ ತಗಡುಗಳನ್ನು ಆಕೆಯ ಮಡಿಲಿಗೆ ಹಾಕಿದರು. ಕಟ್ಟುವ ಬಗೆಯನ್ನೂ ಭುಜ ಮುಟ್ಟಿ ಮುಟ್ಟಿ ಕಲಿಸಿದರು. ಅಂದಿನಿಂದ ಈ ಮನೆಯ ಸೊಸೆಯಂದಿರು ಬಾಣಂತನಕ್ಕೆ ತವರಿಗೆ ಹೋಗುವುದಿಲ್ಲ. ಕೂಸಿದ್ದಲ್ಲಿ ತಗಡು ಇರಬೇಕು, ಬಾಣಂತನದಲ್ಲಿ ತಗಡು ಮನೆ ಬಿಡಬಾರದು.

"ಗಂಡಸರಿಗೆ ಇದು ಗೊತ್ತೇನ್ರಿ?"

"ಬಾಣಂತಿ ಕ್ವಾಣ್ಯಾಗ ಅವರ ನೆರಳೂ ಬೀಳಂಗಿಲ್ಲ. ಸೊಸಿ ಬಂದ ವರ್ಷನ ಆಕಿಗೆ ಕಲಸ್ತೇವಿ. ಮಾಲಾಗೂ ನಾನ ಕಲಸೇನಿ." ರೇವವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಛಲೋ ಕಲತಿದ್ದಳು."

ವಿದ್ಯಾವತಿ ಎದ್ದು ಮೊಬೈಲ್ ತೆಗೆದಳು. ಅದರಲ್ಲಿ ತೊಟ್ಟಿಲು ಶಾಸ್ತ್ರದ ದಿನದ ಒಂದು ಸಣ್ಣ ವಿಡಿಯೋ ಇತ್ತು. ನೆರೆಮನೆಯ ಗುಂಡವ್ವ ತೊಟ್ಟಿಲ ಸುತ್ತ ನಡೆಯುತ್ತ ತೆಗೆದದ್ದು. ಹೂವಿನ ದಂಡೆಗಳ ನಡುವೆ ತಗಡುಗಳ ಅಂಚು ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ಅಸಲಿಯೋ ನಕಲಿಯೋ ಎಂದು ಅದನ್ನು ನೋಡಿ ಹೇಳಲಾಗದು. ಆದರೆ ಈ ತಗಡುಗಳ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದ ಚಿತ್ರಗಳ ಜೊತೆ ಅಕ್ಷರ ಹೋಲಿಸಿದರೆ, ಯಾವುದು ಎಲ್ಲಿ ತೂಗುತ್ತಿದೆ ಎಂದು ಹೇಳಬಹುದು.

ನಿನ್ನೆಯಿಂದ ಅವಳು ಅದನ್ನು ಎಷ್ಟೋ ಸಲ ನೋಡಿದ್ದಳು. ಈಗ ಮೊದಲ ಸಲ ಅದಕ್ಕೆ ಅರ್ಥ ಬಂತು.

ಕೂಸಿನ ಬಲಕ್ಕೆ ಮೀಕಾಯೇಲ. ಅದು ಸರಿ. ತಲೆಯ ಕಡೆ ಗಬ್ರಿಯೇಲ. ಎಡಕ್ಕೆ ಊರಿಯೇಲ. ಕಾಲ ಕಡೆ ರಫಾಯೇಲ. ಮೂರು ತಪ್ಪು.

"ಆಯಿ, ಅವತ್ತು ನೀವು ಇದನ್ನ ನೋಡಲಿಲ್ಲೇನ್ರಿ?"

"ಕಣ್ಣಿನ ಆಪರೇಶನ್ ಆಗಿತ್ತಲ್ಲ ಯವ್ವಾ. ಪಟ್ಟಿ ಕಟ್ಟಿದ್ದರು. ಹಾಡ ಕೇಳಿದೆ, ಪೇಢೆ ತಿಂದೆ. ಮತ್ತೇನ ಮಾಡಲಿ?"

ಮಾಲಾಳ ಹೇಳಿಕೆ ವಿದ್ಯಾವತಿಗೆ ನೆನಪಿತ್ತು. ಸ್ನಾನ ಮಾಡಿ ಬರುವಷ್ಟರಲ್ಲಿ ತಗಡು ಕಟ್ಟಿ ಆಗಿತ್ತು, ತಪ್ಪಾಗಿ ಕಟ್ಟಿದ್ದಾರೆ ಅನ್ನಿಸಿತು, ಕೂಸನ್ನು ಮಲಗಿಸಿದ ಮೇಲೆ ಬಿಚ್ಚಬಾರದು ಎಂದು ಸುಮ್ಮನಾದೆ. ಮೊದಲು ಓದಿದಾಗ ಅದು ತಪ್ಪಿಸಿಕೊಳ್ಳುವ ಮಾತಿನಂತೆ ಕಂಡಿತ್ತು.

ವಿದ್ಯಾವತಿ ತೊಟ್ಟಿಲ ಬಲಕ್ಕೆ ನಿಂತಳು. ಕೂಸಿನ ತಲೆ ದಕ್ಷಿಣಕ್ಕೆ, ಹಾಗಾಗಿ ಬಲಗಡೆ ಎಂದರೆ ಪೂರ್ವ. ವಿಡಿಯೋದಲ್ಲಿದ್ದಂತೆ ಒಂದೊಂದೇ ತಗಡು ಹಿಡಿದು ನಡೆದಳು. ಪೂರ್ವಕ್ಕೆ ಮೀಕಾಯೇಲ, ದಕ್ಷಿಣಕ್ಕೆ ಗಬ್ರಿಯೇಲ, ಪಶ್ಚಿಮಕ್ಕೆ ಊರಿಯೇಲ, ಉತ್ತರಕ್ಕೆ ರಫಾಯೇಲ. ಕಾಲುಗಳು ತಾವಾಗಿ ಸುತ್ತು ಮುಗಿಸಿದವು.

"ಪ್ರದಕ್ಷಿಣಿ ಅಲ್ರಿ ಇದು, ಮೇಡಮ್ರಿ?" ಎಂದ ಶಮಶುದ್ದೀನ.

"ಹೌದು. ಕಟ್ಟಿದಾಂವಗ ಹೆಸರಿನ ಸಾಲು ಗೊತ್ತಿತ್ತು. ಜಾಗಾ ಗೊತ್ತಿರಲಿಲ್ಲ. ಪೂರ್ವಕ್ಕ ಸುರು ಮಾಡಿ ಗುಡಿ ಸುತ್ತಿದಂಗ ಸುತ್ತ್ಯಾನ."

"ಹಂಗಾರ ನಮ್ಮಾಂವ ಅಲ್ಲ ಬಿಡ್ರಿ. ಕಾಬಾ ಸುತ್ತೋದು ಈ ಕಡಿ ಅಲ್ಲ, ಆ ಕಡಿ." ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದ. "ಆದ್ರ ಈ ಹೆಸರು ನಮಗೂ ಗುರುತು. ಜಿಬ್ರೀಲ್, ಮೀಕಾಯೀಲ್, ಇಸ್ರಾಫೀಲ್, ಮತ್ತ ಜೀವ ಒಯ್ಯಾಂವ."

"ನಿಮ್ಮ ನಾಲ್ಕರಾಗ ಎರಡು ಹೊಂದತಾವ, ಎರಡು ಹೊಂದಂಗಿಲ್ಲ."

"ಜೀವ ಒಯ್ಯಾಂವನ್ನ ತೊಟ್ಟಲಕ್ಕ ಯಾರ ಕಟ್ಟತಾರ್ರಿ?" ಎಂದ ಅವನು.

ಖಚಿತ ಮಾಡಿಕೊಳ್ಳದೆ ಮುಂದೆ ಹೋಗುವ ಅಭ್ಯಾಸ ವಿದ್ಯಾವತಿಗೆ ಇರಲಿಲ್ಲ. ಸಿಂದಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಶ್ರೀಶೈಲನಿಗೆ ಫೋನ್ ಹಚ್ಚಿದಳು. ಈ ತಗಡುಗಳ ಬಗ್ಗೆ ಹಿಂದೆ ಪತ್ರಿಕೆಯಲ್ಲಿ ಚಿತ್ರಸಹಿತ ಬರೆದವನು ಅವನೇ. ಇನ್ನಷ್ಟು ಚಿತ್ರ ಬೇಕೆಂದು ಮತ್ತೆ ಬಂದಾಗ, ಇವು ತಾನು ನೋಡಿದ್ದ ತಗಡುಗಳಲ್ಲ ಎಂದು ಮೊದಲು ಹೇಳಿದವನೂ ಅವನೇ.

"ಆಯಿ ಹೇಳಿದ್ದ ಖರೇ ಐತ್ರಿ ಮೇಡಂ," ಎಂದ ಶ್ರೀಶೈಲ. "ಯಹೂದ್ಯರು ಮಲಗೋ ಮುಂದ ಹೇಳೋ ಒಂದು ಪ್ರಾರ್ಥನಿ ಐತಿ. ಅದರಾಗ ಇದ ಕ್ರಮ. ಬಲಕ್ಕ, ಎಡಕ್ಕ, ಮುಂದ, ಹಿಂದ. ತಲಿ ಮ್ಯಾಲ ದೇವರ ಸಾನ್ನಿಧ್ಯ. ಆಯಿಗೆ ಹೀಬ್ರೂ ಬರಂಗಿಲ್ಲ, ಆದ್ರ ಒಂದೂ ತಪ್ಪಿಲ್ಲ."

"ಬ್ಯಾರೆ ಕ್ರಮ ಎಲ್ಲೂ ಇಲ್ಲೇನ್ರಿ? ಹಳೇ ಬರಹದಾಗ?"

"ಐತಿ. ಅವರ ಮೂಲ ಧರ್ಮಗ್ರಂಥದಾಗ ಹೆಸರು ಹಿಡದು ಹೇಳಿದ್ದು ಇಬ್ಬರನ್ನ. ಮೀಕಾಯೇಲ ತಮ್ಮ ಜನರ ಕಾವಲುಗಾರ, ಗಬ್ರಿಯೇಲ ಪ್ರವಾದಿಗೆ ಕಂಡ ದರ್ಶನದ ಅರ್ಥ ಬಿಡಿಸಿ ಹೇಳಾಂವ. ಉಳದ ಇಬ್ಬರು ಆಮ್ಯಾಲಿನ ಬರಹದಾಗ ಬರ್ತಾರ. ದೂತರ ಹೆಸರನ್ನ ನಾವು ಬಾಬಿಲೋನಿನಿಂದ ತಂದೇವಿ ಅಂತ ಅವರ ಹಳೇ ಪಂಡಿತರ ಹೇಳ್ಯಾರ. ಹಿಂಗಾಗಿ ಕ್ರಮ ಅಲ್ಲಲ್ಲಿ ಬದಲಾಗತೈತಿ. ಒಂದು ವ್ಯಾಖ್ಯಾನದಾಗ ಗಬ್ರಿಯೇಲ ಮುಂದ, ಊರಿಯೇಲ ಎಡಕ್ಕ. ಆದ್ರ ಅಲ್ಲಿನೂ ರಫಾಯೇಲ ಹಿಂದನ ಇರ್ತಾನ. ಅಂವ ಮುಂದ ನಿಂತದ್ದ ನಾ ನೋಡಿದ್ರಾಗ ಎಲ್ಲೂ ಇಲ್ಲ."

"ನಿಮ್ಮ ಲೇಖನದಾಗ ಜಾಗಾ ಬರದಿದ್ರೇನು?"

"ಇಲ್ರೀ. ನಾಲ್ಕು ಚಿತ್ರ, ಕೆಳಗ ನಾಲ್ಕು ಹೆಸರು, ಅಷ್ಟ. ಪತ್ರಿಕ್ಯಾಗ ಜಾಗಾ ಎಲ್ಲಿ ಕೊಡ್ತಾರ್ರಿ?"

ಫೋನ್ ಇಟ್ಟ ಮೇಲೆ ವಿದ್ಯಾವತಿ ಒಂದು ನಕಲಿ ತಗಡನ್ನು ಬೆಳಕಿಗೆ ಹಿಡಿದು ಹಿಂಭಾಗ ನೋಡಿದಳು. ಒರೆಸಿದ ನೀಲಿ ಮಸಿಯ ಕಲೆ. ನಾಲ್ಕರಲ್ಲೂ ಒಂದೇ ಮೂಲೆಯಲ್ಲಿ ಇತ್ತು.

ಕಟ್ಟಿದವರು ಈ ಮನೆಯ ಹೆಂಗಸಲ್ಲ. ಅಷ್ಟು ಗಟ್ಟಿ. ಹಾಗಾದರೆ ಯಾರು? ಅದಕ್ಕೆ ಒಂದು ಹೆಸರು ಅಮೋಘಸಿದ್ಧನ ಹೇಳಿಕೆಯಲ್ಲೇ ಇತ್ತು. ಹೆರಿಗೆಗೆ ಮೊದಲು ಮೆರುಗು ಹಾಕಿಸಲು ತಗಡುಗಳನ್ನು ಮುದ್ದೇಬಿಹಾಳದ ಕಲ್ಮೇಶನ ಬೆಳ್ಳಿ ಅಂಗಡಿಗೆ ಕೊಟ್ಟಿದ್ದರು. ಕಲ್ಮೇಶ ಕನ್ನೊಳ್ಳಿಯವನು, ಮಾಲಾಳ ಜೊತೆ ಓದಿದವನ ಅಣ್ಣ. ಸಂಶಯ ಮಾಲಾಳ ಮೇಲೆ ತಿರುಗಿದ್ದು ಅದರಿಂದಲೇ. ತೊಟ್ಟಿಲ ದಿನ ಕಲ್ಮೇಶನೇ ಬಂದು ತಗಡು ಕಟ್ಟಿ ಹೋದನೆಂದು ಅಮೋಘಸಿದ್ಧ ಹೇಳಿದ್ದ. ಅದನ್ನು ಕಂಡ ಬೇರೆಯವರು ಯಾರೂ ಇರಲಿಲ್ಲ. ಹೆಂಗಸರೆಲ್ಲ ಹಿತ್ತಲಲ್ಲಿ ಹೋಳಿಗೆ ಬೇಯಿಸುತ್ತಿದ್ದರು.

ಅಮೋಘಸಿದ್ಧ ಅಂಗಳದಲ್ಲಿ ಬೈಕಿಗೆ ಒರಗಿ ನಿಂತಿದ್ದ. ಮೂವತ್ತರ ಆಸುಪಾಸು, ತೆಳ್ಳಗಿನ ಆಳು, ಮಾತು ಕಡಿಮೆ. ವಿದ್ಯಾವತಿ ಹೊರಗೆ ಬಂದೊಡನೆ ನೆಟ್ಟಗಾದ.

"ಕಲ್ಮೇಶನ ಅಂಗಡಿಗೆ ಹೊಂಟೇವಿ," ಎಂದಳು ಅವಳು.

"ಸಂದ್ಯಾಗ ಐತ್ರಿ ಅದು. ದಾರಿ ನಾ ತೋರಸ್ತೇನಿ." ಸ್ವಲ್ಪ ಹೊತ್ತು ಕೀಲಿಕೈ ತಿರುವಿದ. "ಮಾಲಾಂದ ತಪ್ಪಿಲ್ಲ ಅಂತ ಆದ್ರ, ಇವತ್ತ ಕರಕೊಂಡ ಬರಬಹುದೇನ್ರಿ?"

"ಆದ್ರ ಬರಬಹುದು."

ಅವನು ತಲೆಯಾಡಿಸಿ ಬೈಕು ಹತ್ತಿದ.

ವಿಜಯಪುರ ದಾಟಿ, ಬಸವನ ಬಾಗೇವಾಡಿ ದಾಟಿ, ಜೀಪು ಮುದ್ದೇಬಿಹಾಳ ಮುಟ್ಟಿದಾಗ ಊಟದ ಹೊತ್ತು. ಅಂಗಡಿ ಓಣಿಯ ತಿರುವಿನಲ್ಲಿತ್ತು. ಗಾಜಿನ ಬಾಗಿಲು, ಒಳಗೆ ಲಿಂಗದ ಕರಡಿಗೆ, ಕಾಲುಂಗುರ, ಕೂಸುಗಳ ಉಡದಾರ. ಕಲ್ಮೇಶ ಗಲ್ಲೆಯ ಹಿಂದೆ ಕುಳಿತಿದ್ದ. ಅಮೋಘಸಿದ್ಧ ಹೊರಗೆ ಬೇವಿನ ನೆರಳಲ್ಲಿ ಬೈಕು ನಿಲ್ಲಿಸಿದ. ಒಳಗೆ ಬರಲಿಲ್ಲ.

ವಿದ್ಯಾವತಿ ನಾಲ್ಕು ತಗಡುಗಳನ್ನು ಗಾಜಿನ ಮೇಲೆ ಇಟ್ಟಳು.

"ಇವು ಯಾರ ಕೆಲಸ?"

ಕಲ್ಮೇಶ ಒಂದನ್ನು ಎತ್ತಿ ನೋಡಿ ಕೆಳಗಿಟ್ಟ. "ಚಾ ಕುಡೀರಿ ಮೊದಲ, ಮೇಡಮ್ಮಾರ."

"ಬ್ಯಾಡ. ತೊಟ್ಟಿಲ ದಿನ ನೀವು ಹೊರ್ತಿಗೆ ಹೋಗಿ ಇವನ್ನ ಕಟ್ಟೀರಿ ಅಂತ ಹೇಳಿಕಿ ಐತಿ."

"ಯಾರ ಹೇಳಿಕಿ?"

"ಅದಿರಲಿ. ಹೆಂಗಸರು ಕೈಯಾಗ ಹಿಡದ್ರ ಗುರುತ ಹಿಡೀತಾರ. ಅಸಲಿ ಮೀಕಾಯೇಲನ ಒಂದು ಮೂಲಿ ಬಾಗಿತ್ತು. ಅದಕ್ಕ ಅವರ ಕೈಗೆ ಕೊಡದ ನೀವ ಕಟ್ಟಿದ್ರಿ, ಮ್ಯಾಲ ಹೂ ಮುಚ್ಚಿದ್ರಿ. ಆದ್ರ ಜಾಗಾ ಗೊತ್ತಿರಲಿಲ್ಲ. ಪತ್ರಿಕ್ಯಾಗಿನ ಸಾಲ ಹಿಡದು ಪ್ರದಕ್ಷಿಣಿ ಹಾಕಿದ್ರಿ."

ಕಲ್ಮೇಶ ಕೊನೆಯವರೆಗೂ ಕೇಳಿದ. ಮುಖದಲ್ಲಿ ಗಾಬರಿ ಇರಲಿಲ್ಲ.

"ಲೆಕ್ಕ ಛಲೋ ಹಾಕೀರಿ," ಎಂದ. "ಪ್ರದಕ್ಷಿಣಿ ಹಾಕಾಕ ಕಾಲ ಬೇಕಲ್ರಿ."

ಅವನು ಎದ್ದ. ಏಳಲು ಗಲ್ಲೆಯ ಅಂಚನ್ನು ಎರಡೂ ಕೈಯಿಂದ ಹಿಡಿಯಬೇಕಾಯಿತು. ಹಿಂದಿನಿಂದ ಒಂದು ಊರುಗೋಲು ಎಳೆದು ಕಂಕುಳಿಗೆ ಕೊಟ್ಟು ಹೊರಗೆ ಬಂದ. ಬಲಗಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ.

"ಒಳಗ ರಾಡ್ ಹಾಕ್ಯಾರ. ತೊಟ್ಟಲ ದಿನ ನಾ ಬಾಗೇವಾಡಿ ಆಸ್ಪತ್ರ್ಯಾಗ ಕಾಲ ಮ್ಯಾಲ ಎತ್ತಿ ಮಲಗಿದ್ದೆ. ಹೊರ್ತಿ ಊರ ನಾ ಇನ್ನೂ ನೋಡೇ ಇಲ್ಲ. ಡಾಕ್ಟರ್ ನಂಬರ್ ಕೊಡಲೇನು?"

ಶಮಶುದ್ದೀನ ನಂಬರ್ ಬರೆದುಕೊಂಡು ಮೂಲೆಗೆ ಹೋಗಿ ಮಾತಾಡಿದ. ಮರಳಿ ಬಂದು ವಿದ್ಯಾವತಿಯ ಕಡೆ ನೋಡಿ ತಲೆಯಾಡಿಸಿದ. ಖರೆ ಇತ್ತು.

ವಿದ್ಯಾವತಿ ತನ್ನ ಲೆಕ್ಕವನ್ನು ಮೊದಲಿನಿಂದ ತಿರುವಿದಳು. ತೊಟ್ಟಿಲು ತಪ್ಪು ಹೇಳಿರಲಿಲ್ಲ. ವಿಡಿಯೋ ತಪ್ಪು ಹೇಳಿರಲಿಲ್ಲ. ಹೆಸರೊಂದೇ ತಪ್ಪಿತ್ತು. ಆ ಹೆಸರು ಬಂದದ್ದು ಒಬ್ಬನ ಬಾಯಿಂದ.

"ನಕಲು ಮಾಡಿದ್ದು?"

"ನಾನ."

"ಮೊದಲ ಫೋನ್ ಮಾಡಿದಾಗ ಯಾಕ ಹೇಳಲಿಲ್ಲ?"

"ನಿಮ್ಮ ಜಮಾದಾರರು ಕೇಳಿದ್ದು, ಮೆರುಗು ಹಾಕೀಯೇನು ಅಂತ. ಹಾಕಿದ್ದೆ. ಹೌದ್ರಿ ಅಂದೆ."

ಶಮಶುದ್ದೀನ ಕಿವಿಯ ಹಿಂದೆ ಕೆರೆದುಕೊಂಡ.

"ಮನಿ ಸಾಮಾನ, ಅಸಲಿ ಬ್ಯಾಂಕಿನ ಲಾಕರ್‌ನಾಗ ಇಡ್ತೇವಿ, ಕಟ್ಟಾಕ ನಕಲಿ ಬೇಕು ಅಂದ. ಮನ್ಯಾಂವನ ಬಂದು ಕೇಳಿದ್ರ ಯಾಕ ಅಂತ ಕೇಳ್ತೇವೇನ್ರಿ? ಮಾಡಿದೆ. ಎರಡೂ ಜೋಡಿ ಅವನ ಕೈಗೆ ಕೊಟ್ಟೆ. ನನ್ನ ಕಾಲ ಮುರಿಯೋಕಿಂತ ಮೊದಲಿನ ಮಾತಿದು. ಆಮ್ಯಾಲ ಮಾಲಾನ ಹೆಸರು ಕೆಟ್ಟೈತಿ ಅಂತ ಕೇಳಿದೆ. ಫೋನ್ ಮಾಡಿದೆ. ಮನಿ ಮಾತು, ನಾನ ಸರಿ ಮಾಡ್ತೇನಿ, ನೀ ನಡುವ ಬರಬ್ಯಾಡ ಅಂದ."

ವಿದ್ಯಾವತಿ ತಗಡನ್ನು ಮಗುಚಿದಳು. "ಹಿಂದ ಈ ಮಸಿ?"

"ನಾ ಹಾಕಿದ ನಂಬರ್ರಿ. ಯಾವುದು ಮೊದಲ, ಯಾವುದು ಆಮ್ಯಾಲ ಅಂತ ಕೇಳಿದ. ಪೇಪರಿನಾಗಿನ ಸಾಲ ನೋಡಿ ಬರದೆ. ಎಲ್ಲೆಲ್ಲಿ ಕಟ್ಟತೀರಿ ಅಂದ್ರ, ನಾ ಆ ಕ್ವಾಣ್ಯಾಗ ಎಂದೂ ಹೋಗಿಲ್ಲ, ಸುತ್ತೂ ಹಾಕಿದ್ರ ಆತಲ್ಲ ಅಂದ."

"ಹೆಸರು ಹೇಳ್ರಿ."

ಕಲ್ಮೇಶ ಊರುಗೋಲಿನಿಂದ ಬಾಗಿಲ ಕಡೆ ತೋರಿಸಿದ. "ಹೊರಗ ನಿಂತಾನಲ್ರಿ. ಅವನ್ನ ಕೇಳ್ರಿ."

ವಿದ್ಯಾವತಿ ತಿರುಗಿದಳು. ಗಾಜಿನಾಚೆ ಜೀಪಿತ್ತು, ಚಾಲಕನಿದ್ದ. ಬೇವಿನ ನೆರಳಲ್ಲಿ ಯಾವ ಬೈಕೂ ಇರಲಿಲ್ಲ.

ಅವಳು ಹೊರಗೆ ಧಾವಿಸಿದಳು. "ಅಮೋಘಸಿದ್ಧ ಎಲ್ಲಿ?"

"ಆಗಲೇ ಹೋದ್ರಿ," ಎಂದ ಚಾಲಕ. "ಕಲ್ಮೇಶಪ್ಪ ಊರುಗೋಲ ಹಿಡಕೊಂಡ ಎದ್ದರಲ್ಲ, ಅದನ್ನ ಗಾಜಿನಾಗ ನೋಡಿದ. ಚಾ ಹೇಳಿ ಬರ್ತೇನಿ ಅಂದ. ತಾಳಿಕೋಟಿ ರೋಡ ಹಿಡದ."

ತಾಳಿಕೋಟೆ ರಸ್ತೆ ಹೊರ್ತಿಗೆ ಹೋಗುವುದಿಲ್ಲ. ಸಿಂದಗಿಯ ಕಡೆ ಹೋಗುತ್ತದೆ. ಕನ್ನೊಳ್ಳಿ ಸಿಂದಗಿ ತಾಲೂಕಿನಲ್ಲಿದೆ.

ಅವನ ಫೋನ್ ಸ್ವಿಚ್ ಆಫ್. ಮಾಲಾಳ ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಆಕೆಯ ತಾಯಿ ಹೊನ್ನವ್ವನ ಫೋನೂ ಹಾಗೇ. ವಿದ್ಯಾವತಿ ಸಿಂದಗಿ ಠಾಣೆಗೆ ವಿಷಯ ತಿಳಿಸಿ, ಕನ್ನೊಳ್ಳಿಗೆ ಒಬ್ಬರನ್ನು ಕಳಿಸಲು ಕೇಳಿ, ಜೀಪು ಹತ್ತಿದಳು. ದಾರಿಯುದ್ದಕ್ಕೂ ಶಮಶುದ್ದೀನ ಒಂದೇ ಪ್ರಶ್ನೆ ಕೇಳಿದ.

"ಅಲ್ರಿ ಮೇಡಮ್ರಿ, ಹೆಂಡ್ತಿ ಮ್ಯಾಲ ಕಳವು ಬೀಳಲಿ ಅಂತ ಬಿಟ್ಟಾಂವ, ಮತ್ತ ಕರಕೊಂಡ ಬರ್ಲೇನು ಅಂತ ಯಾಕ ಕೇಳಿದ?"

ವಿದ್ಯಾವತಿ ಮಾಲಾಳ ನಂಬರನ್ನು ಮತ್ತೊಮ್ಮೆ ಒತ್ತಿದಳು.

ಸಂಜೆ, ಜೀಪು ಕನ್ನೊಳ್ಳಿ ಮುಟ್ಟುವ ಮೊದಲೇ, ಹೊನ್ನವ್ವನೇ ಫೋನ್ ಮಾಡಿದಳು. ಹೊಲಕ್ಕೆ ಹೋಗಿದ್ದಳಂತೆ, ಫೋನ್ ಮನೆಯಲ್ಲಿತ್ತಂತೆ. ದನಿಯಲ್ಲಿ ಸಂತೋಷ ತುಂಬಿತ್ತು.

"ಅಳಿಯಂದಿರು ಬಂದಿದ್ರಿ ಬಾಯಾರ. ಹೊಲಕ್ಕ ಬಂದು ನನಗ ಹೇಳೇ ಹೋದರು. ಖರೇ ಏನಂತ ಪೊಲೀಸರಿಗೆ ಗೊತ್ತಾತು, ಮಾಲಾಂದ ಏನೂ ತಪ್ಪಿಲ್ಲ ಅಂದರು. ನಿಮ್ಮ ಹೊಟ್ಟಿ ತಣ್ಣಗಿರಲ್ರಿ."

"ಮಾಲಾ ಎಲ್ಲಿ?"

"ಅವರ ಗಾಡಿ ಮ್ಯಾಲನ ಹೋದಳ್ರಿ. ನಕ್ಕೋತ ಹೋದಳು. ಎಷ್ಟ ದಿನ ಆಗಿತ್ತರಿ ಆಕಿ ನಕ್ಕು."

"ಕೂಸು?"

"ಕೂಸನ್ನ ಬಿಟ್ಟ ಹೋಗ್ತಾಳೇನ್ರಿ? ಉಡ್ಯಾಗ ಹಾಕ್ಕೊಂಡ ಹೋದಳು. ಹೊರ್ತಿಗೆ ಮುಟ್ಟಿರಬೇಕಲ್ರಿ ಇಷ್ಟೊತ್ತಿಗೆ?"

ಹೊನ್ನವ್ವ ಹೊಲದಲ್ಲಿದ್ದಾಗಲೇ ಸಿಂದಗಿಯ ಪೊಲೀಸರು ಕನ್ನೊಳ್ಳಿಗೆ ಬಂದು, ಮನೆಗೆ ಬೀಗ ಕಂಡು ಮರಳಿದ್ದರು.

ಹೊರ್ತಿಯಲ್ಲಿ ಹಿರಿಯರು ಏಳಕ್ಕೆ ಕೂಡಿದರು. ಕಲ್ಮೇಶ ಹೇಳಿದ್ದನ್ನು ವಿದ್ಯಾವತಿ ಅವರಿಗೆ ಫೋನಿನಲ್ಲಿ ತಿಳಿಸಿದ್ದಳು. ಮಾಲಾಳ ತಪ್ಪಿಲ್ಲ, ಮನೆಗೆ ಕರೆತರಬೇಕು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ರೇವವ್ವ ತೊಟ್ಟಿಲಿನಿಂದ ತಲೆದಿಂಬು ತೆಗೆದು, ಹೊಸ ಕೌದಿ ಹಾಸಿ, ಬಾಗಿಲಲ್ಲಿ ಕುಳಿತಳು.

ಎಂಟಕ್ಕೆ ಹಿರಿಯರು ಎದ್ದು ಹೋದರು. ಅಸಲಿ ತಗಡುಗಳು ಎಲ್ಲಿ, ಮಾಲಾ ಮತ್ತು ಕೂಸು ಎಲ್ಲಿ ಎಂಬುದು ಈಗ ಒಬ್ಬನಿಗೇ ಗೊತ್ತಿತ್ತು. ಅಮೋಘಸಿದ್ಧನ ಬೈಕು ಹೊರ್ತಿಗೆ ಬರಲಿಲ್ಲ.